ಚಳಿ, ಏರು ಮತ್ತು ಸೆಕ್ರೆಟರಿ ಸಂಗಣ್ಣ

ಸಂಗಣ್ಣ ಕುಕ್ಕರಗಾಲಿನಲ್ಲಿ ಕೂತು ಹಳೇ ಬನಿಯನ್ನಿನ ತುಂಡಿನಿಂದ ಕಾರಿನ ಹಿಂದಿನ ಗಾಲಿ ತಿಕ್ಕುತ್ತಿದ್ದ. ದಸರೆಯ ಪೂಜೆಗೆ ಕಾರು ತೊಳೆಯುವ ಕೆಲಸವನ್ನು ಅವನು ಯಾರ ಕೈಗೂ ಬಿಟ್ಟುಕೊಡುತ್ತಿರಲಿಲ್ಲ. ಕಾರಿಗೆ ವಯಸ್ಸಾಗಿತ್ತು. ತೊಳೆದಷ್ಟೂ ಬಣ್ಣ ಹೋಗಿ ತಗಡು ಕಾಣುತ್ತಿತ್ತು. ಆದರೇನು, ಹೈದರಾಬಾದಿನ ಹಿಮಾಯತ್‌ನಗರದ ಆ ಐದಂತಸ್ತಿನ ಅಪಾರ್ಟ್‌ಮೆಂಟಿನ ಸೆಲ್ಲಾರಿಗೆ ಮೊಟ್ಟಮೊದಲು ಇಳಿದ ಕಾರು ಅದು. ಆ ಹಿರಿತನ ಕಾರಿಗೂ ಇತ್ತು, ಕಾರಿನ ಯಜಮಾನನಿಗೂ ಇತ್ತು. ಇನ್ಶೂರೆನ್ಸ್ ಕಚೇರಿಯಲ್ಲಿ ಹೆಡ್ ಕ್ಲರ್ಕಾಗಿ ಮೇಲಿನವರ ಮುಂದೆ ಎಷ್ಟೇ ತಲೆ ಬಾಗಿಸಿದರೂ, ಈ ಬಿಲ್ಡಿಂಗಿನಲ್ಲಿ ಅವನು ಅಸೋಸಿಯೇಷನ್ ಸೆಕ್ರೆಟರಿ.

"ಪೀಂ" ಅಂತ ಬೆನ್ನ ಹಿಂದೆಯೇ ಸದ್ದಾಯಿತು.

ಸಂಗಣ್ಣ ಜಿಗಿದೆದ್ದ. ಎದ್ದವನು ನಿಲ್ಲಲಾಗದೆ ಹಿಂದಕ್ಕೆ ವಾಲಿ ಸಾಬೂನಿನ ನೀರಿನ ಬಕೆಟ್ಟಿನಲ್ಲಿ ಸರಿಯಾಗಿ ಕೂತುಬಿಟ್ಟ. ಕಣ್ಣು ಬಿಟ್ಟು ನೋಡಿದರೆ, ಮೂಗಿನ ತುದಿಗೆ ತಾಗುವಷ್ಟು ಹತ್ತಿರ ಮುಗಿಲ ಬಣ್ಣದ ಹೊಸ ಕಾರು. ಇಷ್ಟು ಹತ್ತಿರ ಬರುವತನಕ ಒಂದು ಗುರ್ ಇಲ್ಲ, ಒಂದು ಬುಸ್ ಇಲ್ಲ. ಬೆಕ್ಕು ಅಡಿಗೆಮನೆಗೆ ಬಂದ ಹಾಗೆ ಬಂದಿತ್ತು.

"ಅಣ್ಣಾರ, ಪೆಟ್ಟಾತೇನ್ರಿ?" ಎನ್ನುತ್ತ ಕಾರಿನಿಂದ ಇಳಿದವನು ಪಕ್ಕದ ಮನೆಯ ಆನಂದಕುಮಾರ. ಬೀದರ ಕಡೆಯವನು, ಬಟ್ಟೆ ವ್ಯಾಪಾರಿ, ಸಂಗಣ್ಣನಿಗಿಂತ ಹದಿನೈದು ವರ್ಷ ಚಿಕ್ಕವನು. ಸೆಲ್ಲಾರಿನಲ್ಲೂ ಇಬ್ಬರ ಜಾಗ ಪಕ್ಕ ಪಕ್ಕ, ನಡುವೆ ಒಂದೇ ಕಂಬ. "ಕರೆಂಟಿನ ಕಾರ್ರಿ. ಸಪ್ಪಳ ಬರೂದಿಲ್ಲ. ಅದಕ್ಕ ಗೊತ್ತಾಗಿಲ್ಲ ನಿಮಗ."

"ಸಪ್ಪುಡೇ ಲೇದು ಸಾರ್!" ಎಂದು ವಾಚ್‌ಮನ್ ಯಾದಗಿರಿ ಗೇಟು ಬಿಟ್ಟು ಓಡಿ ಬಂದ. ಸದ್ದೇ ಇಲ್ಲವಲ್ಲ ಎಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬಕೆಟ್ಟಿನಲ್ಲಿ ಕೂತ ಸೆಕ್ರೆಟರಿ ಅವನ ಕಣ್ಣಿಗೆ ಬೀಳಲೇ ಇಲ್ಲ.

ಸುದ್ದಿ ಲಿಫ್ಟಿಗಿಂತ ಬೇಗ ಮೇಲೆ ಹೋಯಿತು. ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಬಂದರು. ಮೂರನೇ ಮಹಡಿಯ ಜಯಮ್ಮ ಮೊಣಕಾಲು ಹಿಡಿದುಕೊಂಡು ಬಂದರು. ಕೊನೆಗೆ ಸಂಗಣ್ಣನ ಹೆಂಡತಿ ಶಿವದೇವಿ, ಹಳೇ ಕಾರಿನ ಪೂಜೆಗೆಂದು ಸಜ್ಜು ಮಾಡಿದ್ದ ಆರತಿ ತಟ್ಟೆ ಹಿಡಿದು ಬಂದಳು. ಬಂದವಳು ಗಂಡನ ಕಡೆ ನೋಡಿದಳು, ಹೊಸ ಕಾರಿನ ಕಡೆ ನೋಡಿದಳು. ಅವಳ ಕಾಲು ತಾನಾಗಿಯೇ ಹೊಸ ಕಾರಿನ ಕಡೆ ಹೊರಳಿತು. ಅದರ ಹಣೆಗೆ ಕುಂಕುಮ, ಅದರ ಗಾಲಿಗೆ ನಿಂಬೆಹಣ್ಣು, ಅದಕ್ಕೇ ತೆಂಗಿನಕಾಯಿ.

"ಶಿವದೇವಿ, ನಾ ಇಲ್ಲಿ ಬಕೆಟ್ಟಿನಾಗ ಕುಂತೀನಿ" ಎಂದ ಸಂಗಣ್ಣ.

"ಕುಂದರ್ರಿ, ಬಂದೆ. ಎಷ್ಟ ಛಂದ ಐತಿ ನೋಡ್ರಿ, ನವಿಲ ಕೊಳ್ಳ ಇದ್ದಂಗ ಐತಿ!"

ಹೊಟ್ಟೆಕಿಚ್ಚು ಹೊಟ್ಟೆಯಲ್ಲಿ ಹುಟ್ಟುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಸಂಗಣ್ಣನಿಗೆ ಅದು ತೊಯ್ದ ಪೈಜಾಮದ ಕಡೆಯಿಂದ ಶುರುವಾಗಿ ಮೇಲಕ್ಕೇರಿತು.

ಅವತ್ತೇ ಸಂಜೆ ಆನಂದಕುಮಾರ ಪೇಢೆಯ ಡಬ್ಬಿಯ ಜೊತೆ ಒಂದು ಕಾಗದ ತಂದುಕೊಟ್ಟ. "ಅಣ್ಣಾರ, ಸೆಲ್ಲಾರಿನ ಕಂಬಕ್ಕ ಒಂದು ಚಾರ್ಜರ್ ಕೂಡಿಸಬೇಕ್ರಿ. ಅದಕ್ಕ ಬ್ಯಾರೆ ಮೀಟರ್ ಬೇಕು. ನಮ್ಮದೇನೂ ಅಡ್ಡಿ ಇಲ್ಲ ಅಂತ ಸೆಕ್ರೆಟರಿ ಕಡೆಯಿಂದ ಕರೆಂಟ್ ಆಫೀಸಿಗೆ ಪತ್ರ ಹೋಗಬೇಕಂತ. ಅಲ್ಲಿ ಸಾಹೇಬ್ರು ಕೈಯಾಗ ಒಯ್ದದ್ದು ತಗೊಳ್ಳೂದಿಲ್ಲ, ಟಪಾಲಿನಾಗ ಬರಲಿ ಅಂತಾರ. ಟೈಪ್ ಮಾಡಿಸೀನಿ. ನಿಮ್ಮದೊಂದು ಸಹಿ, ಅದರ ಮ್ಯಾಲೆ ಅಸೋಸಿಯೇಷನ್ನಿನ ಸಿಕ್ಕಾ ಒತ್ತಿದ್ರ ಆತು."

ಸಂಗಣ್ಣ ಪೇಢೆ ಬಾಯಿಗೆ ಹಾಕಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ನಿಧಾನಕ್ಕೆ ನುಂಗಿ, "ನೋಡೂಣು" ಎಂದ.

ಹೈದರಾಬಾದಿನ ಕಚೇರಿಗಳಲ್ಲಿ ಇದ್ದು ಬಂದವರಿಗೆ ಗೊತ್ತು, ಆ ಒಂದು ಮಾತಿನೊಳಗೆ ಎಷ್ಟು ತಿಂಗಳು ಹಿಡಿಸುತ್ತವೆ ಎಂದು. ದೀಪಾವಳಿಗೆ ಆನಂದಕುಮಾರ ಕೇಳಿದಾಗ "ಕಂಬ ಬಿರಿತೈತೋ ಏನೋ, ಎಂಜಿನಿಯರ್‌ಗೆ ಕೇಳಬೇಕು" ಎಂದ. ಕಾರ್ತಿಕದಲ್ಲಿ ಕೇಳಿದಾಗ "ಮಳಿ ಬಂದ್ರ ಸೆಲ್ಲಾರಿಗೆ ನೀರ ಹೊಗತೈತಿ, ಕರೆಂಟ ನೀರಾಗ ಇಳದ್ರ ಏನ್ ಗತಿ?" ಎಂದ. ಮಳೆಗಾಲ ಮುಗಿದು ಹೋಗಿತ್ತು, ಆ ಮಾತು ಬೇರೆ. ಮತ್ತೆ ಕೇಳಿದಾಗ "ಸಿಕ್ಕಾನೇ ಸಿಗವಲ್ದು" ಎಂದ. ಪಾಪ ಆನಂದಕುಮಾರ ಎರಡು ದಿನಕ್ಕೊಮ್ಮೆ ದೂರದ ಚಾರ್ಜಿಂಗ್ ಸ್ಟೇಷನ್ನಿಗೆ ಹೋಗಿ, ನಲ್ಲಿಯ ಮುಂದೆ ಕೊಡ ಇಟ್ಟು ಕಾದ ಹಾಗೆ ಸರದಿಯಲ್ಲಿ ಕಾದು ಬರುತ್ತಿದ್ದ. ಬಂದು ಮತ್ತೆ ನಗುತ್ತಲೇ "ಅಣ್ಣಾರ, ಪತ್ರ?" ಎನ್ನುತ್ತಿದ್ದ. ಆ ನಗುವೇ ಸಂಗಣ್ಣನಿಗೆ ಇನ್ನಷ್ಟು ಉರಿ ತರುತ್ತಿತ್ತು.

ಡಿಸೆಂಬರ್ ಬಂತು. ಒಂದು ಬೆಳಿಗ್ಗೆ ಫೋನಿನಲ್ಲಿ ಯಾವುದೋ ದೂರದ ದೇಶದ ವಿಡಿಯೋ ಸಂಗಣ್ಣನ ಕಣ್ಣಿಗೆ ಬಿತ್ತು. ಎತ್ತ ನೋಡಿದರೂ ಹಿಮ. ಆ ಹಿಮದಲ್ಲಿ ಒಂದು ಕರೆಂಟಿನ ಕಾರು ಗುಡ್ಡ ಹತ್ತುತ್ತಿತ್ತು. ಚಳಿಗೆ ಬ್ಯಾಟರಿ ಮಂದವಾಗುತ್ತದೆ, ಒಳಗೆ ಬೆಚ್ಚಗಿರಲು ಹೀಟರ್ ಹಾಕಿದರೆ ಅದಕ್ಕೂ ಬ್ಯಾಟರಿಯೇ ಬೇಕು, ಮೇಲೆ ಏರು ಬಂತೆಂದರೆ ಕಂಪನಿಯವರು ಹೇಳಿದ ದೂರದಲ್ಲಿ ಅರ್ಧವೂ ಹೋಗುವುದಿಲ್ಲ ಎಂದು ಅದರಲ್ಲೊಬ್ಬ ಹೇಳುತ್ತಿದ್ದ. ಸಂಗಣ್ಣ ಅದನ್ನು ಮೂರು ಸಲ ನೋಡಿದ. ನಾಲ್ಕನೇ ಸಲ ನೋಡುವಾಗ ಚಹಾ ಆರಿ ಕೆನೆಗಟ್ಟಿತ್ತು. ಅದು ಅವನಿಗೆ ಗೊತ್ತಾಗಲಿಲ್ಲ.

ಅವತ್ತಿನಿಂದ ಅವನು ವಿದ್ವಾಂಸನಾದ. "ಚಳಿ ಮತ್ತು ಏರು" ಅವನ ಶಾಸ್ತ್ರ. ಲಿಫ್ಟಿನಲ್ಲಿ ಸಿಕ್ಕವರಿಗೆ, ಇಸ್ತ್ರಿಯವನಿಗೆ, ಹಾಲಿನವನಿಗೆ ಉಪದೇಶವಾಯಿತು. ಜಯಮ್ಮನವರು ಮಂಕಿ ಟೋಪಿ ಹಾಕಿಕೊಂಡು ವಾಕಿಂಗ್ ಮುಗಿಸಿ ಬಂದದ್ದೇ ಹಿಡಿದುಕೊಂಡ.

"ಜಯಮ್ಮಾರ, ಆನಂದಕುಮಾರನ ಕಾರಿಗೆ ಚಳಿ ತಡಿಯಂಗಿಲ್ಲ. ಬ್ಯಾಟರಿ ಗಾರಾಗಿ ಬಿಡತೈತಿ. ಈ ಚಳಿಗಾಲ ದಾಟಿದ್ರ ದೊಡ್ಡ ಮಾತು."

"ಅಯ್ಯ ಶಿವನ! ಹೊಸಾದು, ಇನ್ನೂ ಸಣ್ಣದು" ಎಂದರು ಜಯಮ್ಮ. "ಮೊಬೈಲಿನಾಗೂ ಬ್ಯಾಟರಿನೇ ಅಲ್ಲೇನು? ಅದಕ್ಕೂ ಚಳಿ ಬಡಿತೈತೇನು?"

"ಬಡಿತೈತ್ರಿ ಮತ್ತ!"

ಜಯಮ್ಮ ತಮ್ಮ ಮೊಬೈಲನ್ನು ಆ ಕ್ಷಣವೇ ಶಾಲಿನೊಳಗೆ ಹಾಕಿಕೊಂಡು ಮೇಲೆ ಹೋದರು. ಸಂಗಣ್ಣನಿಗೆ ಗೆದ್ದಷ್ಟು ಹಿಗ್ಗಾಯಿತು.

ಮರುದಿನ ಬೆಳಿಗ್ಗೆ ಸೆಲ್ಲಾರಿಗೆ ಇಳಿದು ನೋಡಿದರೆ, ಮುಗಿಲ ಬಣ್ಣದ ಕಾರಿನ ಮೂತಿಯ ಮೇಲೆ ಕೆಂಪು ಹೂವಿನ ರಜಾಯಿ. ಜಯಮ್ಮನವರು ಹೊಚ್ಚಿದ್ದು. ಅದರ ಮೇಲೆ ಯಾರೋ ಒಂದು ಹಳೇ ಕಂಬಳಿ. ಗಾಲಿಯ ಹತ್ತಿರ ಯಾದಗಿರಿ ಮಣ್ಣಿನ ಕುಂಡದಲ್ಲಿ ನಾಲ್ಕು ಕೆಂಡ ಇಟ್ಟು ಲೋಬಾನ ಹಾಕುತ್ತಿದ್ದ. ಬಾಣಂತಿ ಕೋಣೆಯ ಹಾಗೆ ಹೊಗೆ ಎದ್ದಿತ್ತು.

"ಏನೋ ಇದು ಯಾದಗಿರಿ?"

"ಪಾಪಂ ಸಾರ್" ಎಂದ ಯಾದಗಿರಿ ಕಣ್ಣೊರೆಸಿಕೊಳ್ಳುತ್ತ. "ಚಲಿಕಿ ತಟ್ಟುಕೋಲೇದಂಟ. ಚಳಿ ತಡಿಯಂಗಿಲ್ಲ ಅಂತ ನೀವೇ ಹೇಳಿದ್ರಿ ಕದಾ!"

ಅಷ್ಟರಲ್ಲಿ ಆನಂದಕುಮಾರ ಹೆಂಡತಿ ಭಾಗ್ಯಶ್ರೀಯ ಜೊತೆ ಬಂದ. ರಜಾಯಿ ನೋಡಿ ಅವನು ಸಂಗಣ್ಣನ ಎರಡೂ ಕೈ ಹಿಡಿದುಕೊಂಡ. "ಅಣ್ಣಾರ, ಇದೆಲ್ಲಾ ನೀವು ಹೇಳಿ ಮಾಡಿಸಿದ್ದಂತ. ನೀವು ನಮ್ಮ ಗಾಡಿ ಮ್ಯಾಲೆ ಇಷ್ಟು ಜೀವ ಇಟ್ಟಿದ್ದು ನನಗ ಗೊತ್ತಿರಲಿಲ್ಲ!"

ಸಂಗಣ್ಣ ತನ್ನ ಕಾರಿನ ಕಡೆ ನೋಡಿದ. ಇಷ್ಟು ವರ್ಷದಲ್ಲಿ ಅದಕ್ಕೆ ಯಾರೂ ಒಂದು ಕರ್ಚೀಫು ಹೊಚ್ಚಿರಲಿಲ್ಲ. ಅದರ ಮೇಲೆ ಒಂದು ಬೆಕ್ಕು ಮಲಗಿತ್ತು. ಬೆಕ್ಕು ಕೂಡ ಎದ್ದು, ಮೈ ಮುರಿದು, ರಜಾಯಿಯ ಕಡೆ ಹೋಯಿತು.

ಮಾತಿನಿಂದ ಆಗದ್ದನ್ನು ಈಗ ಮಾಡಿ ತೋರಿಸುವುದೊಂದೇ ಉಳಿದಿತ್ತು. ಅದಕ್ಕೆ ಎಳ್ಳಮಾಸಿಯೂ ಬಂತು.

ಕಲಬುರಗಿ, ಬೀದರ ಕಡೆಯವರು ಎಲ್ಲಿದ್ದರೂ ಎಳ್ಳ ಅಮಾವಾಸ್ಯೆಗೆ ಹೊಲ ಕಾಣಲೇಬೇಕು. ಭಜ್ಜಿ, ಸಜ್ಜಿಕಡುಬು, ಅಂಬಲಿ ಹೊತ್ತುಕೊಂಡು ಹೋಗಿ ಪೈರಿಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣಬೇಕು. ಹೈದರಾಬಾದಿನಲ್ಲಿ ಹೊಲ ಎಲ್ಲಿಂದ ಬರಬೇಕು? ವಿಕಾರಾಬಾದಿನ ಆಚೆ ಅನಂತಗಿರಿ ಗುಡ್ಡದ ಮೇಲೆ ಸಂಗಣ್ಣನ ದೋಸ್ತ ಮಲ್ಲಣ್ಣನದೊಂದು ಕಡಲೆಯ ಹೊಲವಿತ್ತು. ಪ್ರತಿ ವರ್ಷ ಸಂಗಣ್ಣ ತನ್ನ ಕಾರಿನಲ್ಲಿ ಹೆಂಡತಿಯನ್ನೂ ನೆರೆಯವರನ್ನೂ ಕೂಡಿಸಿಕೊಂಡು ಅಲ್ಲಿಗೆ ಮೆರವಣಿಗೆ ಹೊರಡುತ್ತಿದ್ದ. ಈ ಸಲ ಶಿವದೇವಿ ಬಾಯಿ ಬಿಟ್ಟೇ ಹೇಳಿದಳು: "ಆನಂದಕುಮಾರರ ಗಾಡ್ಯಾಗ ಹೋಗೂಣು. ನಮ್ಮದರಾಗ ಕುಂತ್ರ ಭಜ್ಜಿಗೂ ಪೆಟ್ರೋಲ್ ವಾಸನಿ ಹತ್ತತೈತಿ."

ಬೇರೆ ದಿನವಾಗಿದ್ದರೆ ಮನೆಯಲ್ಲಿ ಜಗಳವಾಗುತ್ತಿತ್ತು. ಸಂಗಣ್ಣ ಮಾತ್ರ ಅಂದು ಬೆಣ್ಣೆಯ ಹಾಗೆ, "ಹೋಗೂಣು, ಹೋಗೂಣು" ಎಂದ. ಗುಡ್ಡದ ಮೇಲೆ ಚಳಿ ಇತ್ತು. ಗುಡ್ಡಕ್ಕೆ ಏರು ಇತ್ತು. ಇನ್ನೇನು ಬೇಕು?

ಎಳ್ಳಮಾಸಿಯ ಬೆಳಿಗ್ಗೆ ಎಲ್ಲರೂ ಊಟದ ಗಡಿಗೆಗಳನ್ನು ಕಾರಿನಲ್ಲಿ ಇಡುತ್ತಿದ್ದಾಗ ಸಂಗಣ್ಣ ಏದುಸಿರು ಬಿಡುತ್ತ ಮನೆಯ ಒಳಕಲ್ಲು ಹೊತ್ತು ತಂದ. ಎರಡು ವರ್ಷದ ಕೂಸಿನಷ್ಟು ಭಾರ.

"ಇದ್ಯಾಕ್ರೀ?" ಎಂದಳು ಶಿವದೇವಿ. "ಚಟ್ನಿ ಮಿಕ್ಸರಿನಾಗ ಅರದೀನಿ."

"ಹೊಲದಾಗ ಅರದ ಚಟ್ನಿ ರುಚಿ ಮಿಕ್ಸರಿಗೆ ಬರತೈತೇನು? ಹಿಂದಿನವರು ಮಾಡಿದ್ದು ಸುಳ್ಳೇನು?" ಎಂದು ಸಂಗಣ್ಣ ಕಲ್ಲನ್ನು ಡಿಕ್ಕಿಯಲ್ಲಿ ಇಟ್ಟ. ಅದುವರೆಗೆ ಆ ಕಲ್ಲು ಅವರ ಮನೆಯ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಡುವುದಕ್ಕೆ ಇತ್ತು ಎಂಬುದನ್ನು ಯಾರೂ ಎತ್ತಲಿಲ್ಲ.

ಬ್ಯಾಟರಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇತ್ತು. "ನಿನ್ನೆ ಸ್ಟೇಷನ್ನಿನಾಗ ಭಾಳ ಗದ್ದಲಿತ್ರಿ" ಎಂದ ಆನಂದಕುಮಾರ. "ಮನ್ಯಾಗ ಹಾಕಾಕ ಬಂದಿದ್ರ ಬೆಳಗಾಗೂದರಾಗ ತುಂಬಿರತಿತ್ತು. ಇರಲಿ, ವಿಕಾರಾಬಾದದಾಗ ಒಂದು ಸ್ಟೇಷನ್ ಐತಿ, ಅಲ್ಲಿ ಹಾಕ್ಕೊಂಡು ಏರೂಣು."

ಹೆಂಗಸರಿಬ್ಬರೂ ಸೆಕ್ರೆಟರಿಯ ಕಡೆ ನೋಡಿದರು. ಸೆಕ್ರೆಟರಿ ಮೋಡದ ಕಡೆ ನೋಡಿದ. ಸೆಲ್ಲಾರಿನಲ್ಲಿ ಮೋಡ ಕಾಣುವುದಿಲ್ಲ, ಆದರೂ ನೋಡಿದ.

ದಾರಿಯಲ್ಲಿ ಗಚ್ಚಿಬೌಲಿಯಲ್ಲಿ ಶರಣಕುಮಾರ ಹತ್ತಿದ. ಇವನು ಶಿವದೇವಿಯ ತಂಗಿ ಶಾಮಲಾಳ ಗಂಡ, ಅಂದರೆ ಸಂಗಣ್ಣನ ಷಡ್ಡಕ. ಫ್ಲ್ಯಾಟು ಮಾರುವ ದಂಧೆ, ಮೂರು ಗೇಟಿನ ದೊಡ್ಡ ಸೊಸೈಟಿಯಲ್ಲಿ ಮನೆ. ಕಲಬುರಗಿಯ ಮಾವನವರ ಮನೆಗೆ ಸಂಗಣ್ಣ ಬಾಳೆಹಣ್ಣು ಒಯ್ದರೆ ಇವನು ಸೇಬು ಒಯ್ಯುತ್ತಿದ್ದ. ಸಂಗಣ್ಣ ಸೇಬು ಒಯ್ದ ವರ್ಷ ಇವನು ಫ್ರಿಜ್ಜೇ ಒಯ್ದ. ಹಿರೇ ಅಳಿಯನಿಗೆ ಹಾಕುವ ಮಣೆ ಒಂದಿನ ಆಚೆ ಸರಿದುಬಿಡುತ್ತದೆಂಬ ಅಂಜಿಕೆ ಸಂಗಣ್ಣನಿಗೆ ಮದುವೆಯಾದಂದಿನಿಂದಲೂ ಇತ್ತು. ಶಾಮಲಾ ಹಬ್ಬಕ್ಕೆ ತವರಿಗೆ ಹೋಗಿದ್ದಳು. ಒಬ್ಬನೇ ಯಾಕಿರಬೇಕೆಂದು ಶಿವದೇವಿಯೇ ಕರೆದಿದ್ದಳು.

"ಅಕ್ಕಾರ, ಏನ್ ಗಾಡಿ ರೀ ಇದು! ತೊಟ್ಟಲಾಗ ಕುಂತಂಗ ಆಗತೈತಿ" ಎಂದ ಶರಣಕುಮಾರ ಹಿಂದಿನ ಸೀಟಿನಿಂದ.

ಮೊಣಕಾಲು ನೋವಿನ ನೆಪ ಹೇಳಿ ಮುಂದೆ ಕೂತಿದ್ದ ಸಂಗಣ್ಣ ಕೆಲಸ ಶುರು ಮಾಡಿದ. "ಭಾಳ ಥಂಡಿ ಐತಿ" ಎಂದು ಹೀಟರಿನ ಗುಂಡಿಯನ್ನು ಕೊನೆಯತನಕ ತಿರುಗಿಸಿದ. ಒಳಗೆ ಬೆಚ್ಚಗಾದದ್ದೇ, "ಉಸಿರ ಕಟ್ಟಾಕತ್ತೈತಿ" ಎಂದು ಕಿಟಕಿ ಪೂರಾ ಇಳಿಸಿದ. ಬೆಚ್ಚನೆಯ ಗಾಳಿಯೆಲ್ಲ ಚೇವೆಳ್ಳದ ಆಲದ ಮರಗಳಿಗೆ ದಾನವಾಯಿತು. ಮತ್ತೆ ಥಂಡಿ, ಮತ್ತೆ ಹೀಟರ್. ಪರದೆಯ ಮೇಲೆ ಇನ್ನೆಷ್ಟು ದೂರ ಹೋಗಬಹುದೆಂದು ತೋರಿಸುವ ಅಂಕಿ ಕೆಳಗಿಳಿಯುತ್ತಿತ್ತು. ಸಂಗಣ್ಣ ಅದನ್ನು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ, ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ವಿಕಾರಾಬಾದ್ ಬಂತು. ಆನಂದಕುಮಾರ ಸ್ಟೇಷನ್ನಿನ ಕಡೆ ಗಾಡಿ ಹೊರಳಿಸಿದ.

"ಏ ಬ್ಯಾಡ, ಬ್ಯಾಡ!" ಎಂದ ಸಂಗಣ್ಣ. "ಮಲ್ಲಣ್ಣ ಕಾಯಾಕತ್ತಾನ. ಚರಗದ ಹೊತ್ತು ಮೀರಿದ್ರ ಹೊಲಕ್ಕ ಒಳ್ಳೇದಲ್ಲ. ಬರ್ತ ನೋಡೂಣು."

"ಅಣ್ಣಾರ, ಏರಿಗೆ ಸಾಲ್ತೈತೋ ಇಲ್ಲೋ..."

"ನಿಮ್ಮ ಗಾಡಿ ಮ್ಯಾಲೆ ನಿಮಗ ನಂಬಿಗಿ ಇಲ್ಲೇನು?"

ಆ ಮಾತಿಗೆ ಯಾವ ಗಂಡಸು ಗಾಡಿ ನಿಲ್ಲಿಸಿಯಾನು? ಆನಂದಕುಮಾರ ಗುಡ್ಡದ ಕಡೆ ತಿರುಗಿಸಿದ.

ಅನಂತಗಿರಿಯ ಮೊದಲ ತಿರುವಿನಲ್ಲಿ ಮಂಜು ಇತ್ತು. ಎರಡನೆಯದರಲ್ಲಿ ಗಾಳಿ ಇತ್ತು. ಮೂರನೆಯದರಲ್ಲಿ ಪರದೆಯ ಮೇಲೆ ಒಂದು ಆಮೆಯ ಚಿತ್ರ ಮೂಡಿತು.

"ಅಯ್ಯ, ಆಮಿ ಬಂತಲ್ಲ!" ಎಂದಳು ಶಿವದೇವಿ. "ಎಷ್ಟ ಚಲೋ ತಗದಾರ!"

"ಅಕ್ಕಾರ, ಅದು ಚಲೋ ಅಲ್ರಿ" ಎಂದಳು ಭಾಗ್ಯಶ್ರೀ, ಧ್ವನಿ ಇಳಿಸಿ. "ಬ್ಯಾಟರಿ ಮುಗೀಲಿಕ್ಕೆ ಬಂದ್ರ ಆಮಿ ಬರತೈತಿ."

ಗಾಡಿ ಆಮೆಯ ಹಾಗೆಯೇ ನಡೆಯತೊಡಗಿತು. ಹಿಂದೆ ಬಂದ ಜೀಪಿನವರು, ಬೈಕಿನವರು ಹಾರ್ನ್ ಹೊಡೆಯುತ್ತ ದಾಟಿ ಹೋದರು. ಸಂಗಣ್ಣನ ಎದೆಯಲ್ಲಿ ಬಾಜಾಬಜಂತ್ರಿ. "ನಾ ಹೇಳಿದ್ದಿಲ್ಲಾ?" ಎಂದು ಹಿಂದೆ ತಿರುಗಿ ಎಲ್ಲರ ಮುಖ ನೋಡಿದ. "ಚಳಿ! ಏರು! ಶಾಸ್ತ್ರ ಸುಳ್ಳಾಗತೈತೇನು?"

"ಗಂಡಸರು ಇಳೀರಿ. ವಜ್ಜೆ ಕಮ್ಮಿ ಆದ್ರ ಮ್ಯಾಲ ಮುಟ್ಟತೈತಿ" ಎಂದ ಆನಂದಕುಮಾರ.

ಶರಣಕುಮಾರ ಇಳಿದ. ಸಂಗಣ್ಣನೂ ಠೀವಿಯಿಂದ ಇಳಿದ. ಆಗ ಶಿವದೇವಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಏನ್ರೀ, ಡಿಕ್ಕ್ಯಾಗ ಒಳಕಲ್ಲು ಐತಲ್ಲ? ತಂದವರೇ ಇಳಿಸಿಕೊಳ್ರಿ."

ಸಂಗಣ್ಣ ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿ ತಮಾಷೆ ಇರಲಿಲ್ಲ. ಹೀಗಾಗಿ ಹಬ್ಬದ ಮಡಿ ಧೋತ್ರ ಉಟ್ಟ ಸೆಕ್ರೆಟರಿ ಸಂಗಣ್ಣ, ಒಳಕಲ್ಲನ್ನು ಕೂಸಿನ ಹಾಗೆ ಸೊಂಟದ ಮೇಲೆ ಇಟ್ಟುಕೊಂಡು, ಮುಗಿಲ ಬಣ್ಣದ ಕಾರಿನ ಹಿಂದೆ ಹಿಂದೆ ಗುಡ್ಡ ಏರತೊಡಗಿದ. ಸೊಂಟ ಸೋತಾಗ ಹೆಗಲಿಗೆ, ಹೆಗಲು ಸೋತಾಗ ತಲೆಗೆ. ಕಾರು ಮುಂದಿನ ತಿರುವಿನಲ್ಲಿ ಮರೆಯಾಯಿತು. ಶರಣಕುಮಾರನೂ ಕೈ ಬೀಸಿಕೊಂಡು ಅದರ ಜೊತೆಗೇ ಹೋದ. ಸಂಗಣ್ಣನ ಜೊತೆ ಉಳಿದದ್ದು ಏರು ಮಾತ್ರ. ಚಳಿ ಕೂಡ ಉಳಿಯಲಿಲ್ಲ, ಬೆವರು ಕಣ್ಣಿಗಿಳಿಯುತ್ತಿತ್ತು.

ಗುಡಿಗೆ ಹೊರಟಿದ್ದ ಒಂದಿಬ್ಬರು ಹೆಂಗಸರು ಅವನನ್ನು ನೋಡಿ ನಿಂತರು. ಹರಕೆ ಹೊತ್ತವನೆಂದು ತಿಳಿದು ಕಾಲಿಗೆ ಬಿದ್ದರು. ಒಬ್ಬಳು ಕಲ್ಲಿಗೆ ಕುಂಕುಮ ಹಚ್ಚಿದಳು. ಬೇಡವೆನ್ನಲು ಸಂಗಣ್ಣನಿಗೆ ಉಸಿರಿರಲಿಲ್ಲ. ಆ ಕುಂಕುಮವೇ ಮುಳುವಾಯಿತು. ಚೆಕ್‌ಪೋಸ್ಟಿನ ಫಾರೆಸ್ಟ್ ಗಾರ್ಡು ಕೋಲು ಅಡ್ಡ ಹಿಡಿದ.

"ಏಯ್ ಪೆದ್ದಾಯನಾ, ಆಗು! ಆ ರಾಯಿ ಎಕ್ಕಡಿದಿ? ಗುಡಿದಾ?"

ನಿಲ್ಲು, ಆ ಕಲ್ಲು ಎಲ್ಲಿಯದು ಎಂದು ಗದರಿದ. ಗುಡಿಯ ಕಲ್ಲು ಕದ್ದುಕೊಂಡು ಹೊರಟ ಕಳ್ಳನೆಂದು ಅವನು ತಿಳಿದಿದ್ದ.

"ನಾದಿ, ನಾದಿ! ಮಾ ಇಂಟಿ ರಾಯಿ!" ಎಂದ ಸಂಗಣ್ಣ ತನಗೆ ಬಂದಷ್ಟು ತೆಲುಗಿನಲ್ಲಿ. ನಮ್ಮ ಮನೆಯ ಕಲ್ಲು!

"ಇಂಟಿ ರಾಯಿಕಿ ಕುಂಕುಮ ಎಂದುಕು? ಮನೆ ಕಲ್ಲನ್ನ ತಲೆ ಮೇಲೆ ಹೊತ್ತು ಗುಡ್ಡ ಏರ್ತಾರಾ ಯಾರಾದ್ರೂ?" ಎಂದ ಗಾರ್ಡು. ಗಡಿ ಸೀಮೆಯವನು, ಅವನಿಗೂ ಅಷ್ಟಿಷ್ಟು ಕನ್ನಡ ಬರುತ್ತಿತ್ತು. "ನಿಜ ಹೇಳು, ಎಷ್ಟು ಜನ ಇದ್ದೀರಿ? ಗಾಡಿ ಎಲ್ಲಿ?"

"ಗಾಡಿ ಮುಂದ ಹೋಗೈತ್ರಿ! ಅದಕ್ಕ ಏರಾಕ ಆಗಲಿಲ್ಲ, ಅದಕ್ಕ ನಾ ಹೊತ್ತೀನಿ!"

ಇದನ್ನು ಕೇಳಿ ಗಾರ್ಡಿಗೆ ಕಳ್ಳತನದ ಗುಮಾನಿ ಹೋಗಿ, ತಲೆ ಕೆಟ್ಟಿರುವ ಗುಮಾನಿ ಬಂತು. ಕೊನೆಗೆ ಸಂಗಣ್ಣ ಕಲ್ಲನ್ನು ನೆಲಕ್ಕಿಟ್ಟು, "ಕುಣಿಯೊಳಗ ಮೂಸಿ ನೋಡ್ರಿ ಸಾಹೇಬ್ರ" ಎಂದು ಕೈ ಮುಗಿದ. ಗಾರ್ಡು ಬಗ್ಗಿ ಮೂಸಿದ. ಮತ್ತೊಮ್ಮೆ ಮೂಸಿದ. ಯಾವ ಕಾಲದ್ದೋ ಬೆಳ್ಳುಳ್ಳಿ ಖಾರದ ಘಾಟು ಇನ್ನೂ ಹೋಗಿರಲಿಲ್ಲ. ಎರಡು ಸಲ ಸೀನಿ, "ಪೋ, ಪೋ" ಎಂದು ಬಿಟ್ಟ.

ಸಂಗಣ್ಣ ಹೊಲ ಮುಟ್ಟುವ ಹೊತ್ತಿಗೆ ಚರಗ ಚೆಲ್ಲಿ ಆಗಿತ್ತು. ಕಾರು ಮಲ್ಲಣ್ಣನ ಬೋರಿನ ಕೋಣೆಯ ಮುಂದೆ, ಪಂಪಿನ ಪ್ಲಗ್ಗಿಗೆ ವೈರು ಸಿಕ್ಕಿಸಿಕೊಂಡು, ಕೊಟ್ಟಿಗೆಯ ಎಮ್ಮೆಯ ಹಾಗೆ ನೆಮ್ಮದಿಯಿಂದ ನಿಂತಿತ್ತು. ಎಲ್ಲರೂ ಮಿಕ್ಸರಿನ ಚಟ್ನಿ ಹಚ್ಚಿಕೊಂಡು ಸಜ್ಜಿಕಡುಬು ತಿನ್ನುತ್ತಿದ್ದರು.

"ಬಾ ದೋಸ್ತ" ಎಂದ ಮಲ್ಲಣ್ಣ. "ಕಲ್ಲ ಯಾಕ ತಂದಿ? ನಮ್ಮ ಹೊಲದಾಗ ಕಲ್ಲಿಗೇನು ಬರಗಾಲ ಬಂದೈತೇನು?"

ಸಂಜೆಯತನಕ ಕಾರು ಕರೆಂಟು ಕುಡಿಯಿತು. ಆನಂದಕುಮಾರ ಸರಿಯಾಗಿ ಉಣ್ಣಲಿಲ್ಲ. ಗಾಡಿ ನಾಲ್ಕು ಮಂದಿಯ ಮುಂದೆ ತೆವಳಿದ್ದು ಅವನಿಗೆ ಮಗನೇ ಪರೀಕ್ಷೆಯಲ್ಲಿ ನಪಾಸಾದಷ್ಟು ಚುಚ್ಚಿತ್ತು. ಹೊರಡುವಾಗ ಸಂಗಣ್ಣನಿಗೆ ಮುಂದಿನ ಸೀಟು ಸಿಗಲಿಲ್ಲ. ಅಲ್ಲಿ ಶರಣಕುಮಾರ ಕೂತಿದ್ದ. ಸಂಗಣ್ಣ ಹಿಂದೆ, ಹೆಂಗಸರ ಪಕ್ಕ, ಸೊಂಟ ಹಿಡಿದುಕೊಂಡು ಕೂತ.

ಗುಡ್ಡ ಇಳಿಯುವಾಗ ಶರಣಕುಮಾರ ಒಮ್ಮೆಲೇ ಕೂಗಿದ. "ಆನಂದಕುಮಾರ್ರ, ಅಂಕಿ ಏರಾಕತ್ತೈತಿ! ಮುಂಚೆಗಿಂತ ಜಾಸ್ತಿ ಆಗಾಕತ್ತೈತಿ!"

"ಹೌದ್ರಿ. ಇಳಿಜಾರಿನಾಗ ಗಾಲಿ ತಿರುಗಿದ್ದು ಬ್ಯಾಟರಿಗೆ ವಾಪಸ್ ಹೋಗತೈತಿ."

"ಇಳಿಯೂದರಾಗೂ ಗಳಸತೈತೇನ್ರಿ ಇದು!"

ಸಂಗಣ್ಣ ಹಿಂದಿನಿಂದ ಕತ್ತು ಚಾಚಿ ನೋಡಿದ. ನಿಜ. ಅಂಕಿ ಏರುತ್ತಿತ್ತು. ಅವನ ಕಾರಿನ ಟಾಕಿ ಯಾವ ಇಳಿಜಾರಿನಲ್ಲೂ ಒಂದು ಹನಿ ತಾನಾಗಿ ತುಂಬಿಕೊಂಡದ್ದಿಲ್ಲ. ಇದು ಯಾವ ನ್ಯಾಯ?

"ಏನ್ ಗಳಿಸಿದ್ರೇನ್ರಿ" ಎಂದ ಆನಂದಕುಮಾರ. "ನನಗ ಸಾಕಾಗೈತಿ. ಮೀಟರ್ ಬರೂದಿಲ್ಲ, ಪತ್ರ ಹೋಗೂದಿಲ್ಲ. ಎಷ್ಟಂತ ಸರದ್ಯಾಗ ನಿಂದರಲಿ? ಈ ಗಾಡಿ ಮಾರಿ ಬಿಡ್ತೀನಿ."

ಆಹಾ! ಸಂಗಣ್ಣನ ಸೊಂಟನೋವು ಮಾಯವಾಯಿತು. ಮಾರುತ್ತಾನೆ! ಸೆಲ್ಲಾರು ಮತ್ತೆ ಹಳೆಯ ಸೆಲ್ಲಾರಾಗುತ್ತದೆ. ಮುಂದಿನ ದಸರೆಗೆ ಆರತಿ ಎಲ್ಲಿ ಸಲ್ಲಬೇಕೋ ಅಲ್ಲಿ ಸಲ್ಲುತ್ತದೆ. "ಚಲೋ ವಿಚಾರ" ಎನ್ನಲು ಬಾಯಿ ತೆರೆದ.

"ಹಂಗಾದ್ರ ನನಗ ಕೊಡ್ರಿ" ಎಂದ ಶರಣಕುಮಾರ.

ತೆರೆದ ಬಾಯಿ ಹಾಗೇ ಉಳಿಯಿತು.

"ನಮ್ಮ ಸೊಸೈಟ್ಯಾಗ ಪ್ರತಿ ಕಂಬಕ್ಕೂ ಚಾರ್ಜರ್ ಐತಿ" ಎಂದು ಶರಣಕುಮಾರ ಮುಂದುವರಿಸಿದ. "ಸಂಕ್ರಾಂತಿಗೆ ಇದರಾಗೇ ಕಲಬುರಗಿಗೆ ಹೋಗ್ತೀನಿ. ಅತ್ತಿಯವರನ್ನ ಮುಂದ ಕೂಡಿಸಿಕೊಂಡು ಶರಣಬಸವೇಶ್ವರರ ಗುಡಿಗೆ ಒಯ್ತೀನಿ. ಏನಂತೀರಿ ಅಕ್ಕಾರ?"

"ಅವ್ವಗ ಭಾಳ ಖುಷಿ ಆಗತೈತಿ" ಎಂದಳು ಶಿವದೇವಿ.

"ಶರಣಕುಮಾರ್ರ, ದುಡುಕಬ್ಯಾಡ್ರಿ" ಎಂದ ಸಂಗಣ್ಣ. "ಇವತ್ತು ಕಣ್ಣಾರೆ ನೋಡಿದ್ರಲ್ಲ? ಚಳಿ! ಏರು!"

"ಕಲಬುರಗ್ಯಾಗ ಚಳಿ ಎಲ್ಲೈತ್ರಿ ಸಂಗಣ್ಣಾರ?" ಎಂದು ಶರಣಕುಮಾರ ನಕ್ಕ. "ದಾರಿಯೊಳಗ ಏರು ಎಲ್ಲೈತಿ?"

ಜೋಳದ ರೊಟ್ಟಿಯ ಹಾಗೆ ಸಪಾಟಾದ ಸೀಮೆ ಅದು. ಸಂಗಣ್ಣನ ಶಾಸ್ತ್ರ ಅಲ್ಲಿಗೆ ಮುಗಿಯಿತು. ಮಾವನವರ ಮನೆಯ ಮುಂದೆ ಸದ್ದಿಲ್ಲದೆ ಬಂದು ನಿಂತ ಮುಗಿಲ ಬಣ್ಣದ ಕಾರು, ಮುಂದಿನ ಸೀಟಿನಲ್ಲಿ ಇಳಕಲ್ ಸೀರೆಯುಟ್ಟ ಅತ್ತೆ, ಹಿಂದೆ ಓಣಿಯ ಮಂದಿ, ಎಲ್ಲಕ್ಕಿಂತ ಹಿಂದೆ ಬಣ್ಣ ಹೋದ ಕಾರಿನಿಂದ ಬಾಳೆಹಣ್ಣು ಹಿಡಿದು ಇಳಿಯುವ ಹಿರೇ ಅಳಿಯ. ಆನಂದಕುಮಾರನ ಕಾರು ಸೆಲ್ಲಾರಿನಲ್ಲಿ ಮಾತ್ರ ಉರಿಸುತ್ತದೆ. ಶರಣಕುಮಾರನ ಕಾರು ಮದುವೆಯಲ್ಲಿ ಉರಿಸುತ್ತದೆ, ಮುಂಜಿಯಲ್ಲಿ ಉರಿಸುತ್ತದೆ, ತೊಟ್ಟಿಲು ಹಾಕಿದಲ್ಲೆಲ್ಲ ಉರಿಸುತ್ತದೆ.

"ನಾಳೆ ಮಧ್ಯಾಹ್ನ ಬಂದು ಮಾತು ಮುಗಿಸಿಬಿಡ್ತೀನಿ" ಎಂದು ಗಚ್ಚಿಬೌಲಿಯಲ್ಲಿ ಇಳಿಯುವಾಗ ಶರಣಕುಮಾರ ಹೇಳಿದ.

ಮನೆ ಮುಟ್ಟಿ ಗಡಿಗೆ ಇಳಿಸುವಾಗ ಭಾಗ್ಯಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವರಿಗೂ ಮಾರೂ ಮನಸಿಲ್ರಿ ಅಕ್ಕಾರ. ಆ ಪತ್ರ ಟಪಾಲಿಗೆ ಬಿದ್ದದ್ದು ಒಂದು ರಸೀದಿ ಕಂಡ್ರ ಸಾಕು, ಇಟಗೋತಾರ."

ಸಂಗಣ್ಣ ಕೇಳಿಸಿಕೊಂಡ. ನಾಳೆ ಶರಣಕುಮಾರ ಬರುವುದರೊಳಗೆ ಆ ರಸೀದಿ ಆಗಲೇಬೇಕೆಂದು ಲೆಕ್ಕ ಹಾಕಿದ.

ಮರುದಿನ ಅವನು ಕಚೇರಿಗೆ ರಜೆ ಹಾಕಿ ಮನೆಯ ಕಪಾಟೆಲ್ಲ ಕಿತ್ತು ಹಾಕಿದ. ಕಾಗದ ಸಿಕ್ಕಿತು. ಸಿಕ್ಕಾ ಸಿಗಲಿಲ್ಲ. ಕಳೆದಿದೆ ಎಂದು ಊರಿಗೆಲ್ಲ ಸುಳ್ಳು ಹೇಳುವಾಗ ಅದನ್ನು ಎಲ್ಲಿ ಬಚ್ಚಿಟ್ಟಿದ್ದನೋ, ಈಗ ನೆನಪಿಗೆ ಬರಲೊಲ್ಲದು. ಹಾಸಿಗೆ ಕೊಡವಿದ, ದೇವರ ಗೂಡು ತಡಕಿದ, ಬಟ್ಟೆ ಒಗೆಯುವ ಮಿಷಿನ್ನಿನೊಳಗೆ ತಲೆ ಹಾಕಿದ.

ಶಿವದೇವಿ ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿ, ಬಿಳಿ ಬಿಳಿಯಾದ ಸಿಕ್ಕಾ ತೆಗೆದು ಗಂಡನ ಮುಂದೆ ಹಿಡಿದಳು.

"ಕಾರ್ತಿಕದಿಂದ ಇಲ್ಲೇ ಐತಿ. ದಿನಾ ರೊಟ್ಟಿಗೆ ಹಿಟ್ಟ ತಗಿಯಾಗ ಬದಿಗಿಡ್ತೀನಿ, ಮತ್ತ ಒಳಗ ಇಡ್ತೀನಿ. ಗಂಡಸರ ಆಫೀಸಿನ ಮಾತು, ನಾ ಯಾಕ ಬಾಯಿ ಹಾಕಲಿ ಅಂತ ಸುಮ್ನಿದ್ದೆ."

ಸಂಗಣ್ಣ ಸಿಕ್ಕಾ ಊದಿ, ಒತ್ತಿದ. ಅಕ್ಷರದ ಸುತ್ತ ಸ್ವಲ್ಪ ಹಿಟ್ಟೂ ಬಿತ್ತು. ಸಹಿ ಮಾಡಿ, ಲಕೋಟೆಗೆ ಹಾಕಿ, ಕುಂಟುತ್ತ ಅಂಚೆ ಕಚೇರಿಗೆ ಓಡಿದ.

ಅಲ್ಲಿ ಸರದಿ. ಎರಡೂವರೆ ತಿಂಗಳು ಆನಂದಕುಮಾರ ನಿಂತ ಸರದಿಗೆ ಸಾಟಿಯಲ್ಲ, ಆದರೆ ಒಂದು ನಿಮಿಷಕ್ಕೊಮ್ಮೆ ಗಡಿಯಾರ ನೋಡುವವನಿಗೆ ಸಣ್ಣದೂ ಅಲ್ಲ. ಮುಂದಿದ್ದ ಮುದುಕಪ್ಪ ಪಾಸ್‌ಬುಕ್ಕಿನ ಒಂದೊಂದು ಹಾಳೆಯನ್ನೂ ಕ್ಲರ್ಕಿಗೆ ತೋರಿಸುತ್ತಿದ್ದ. ಸಂಗಣ್ಣನ ಫೋನು ರಿಂಗಾಯಿತು. ಶರಣಕುಮಾರ.

"ಸಂಗಣ್ಣಾರ, ಹೊಂಟೀನ್ರಿ. ಮಾದಾಪುರದಾಗ ಸಿಕ್ಕೊಂಡೀನಿ, ಭಾರೀ ಟ್ರಾಫಿಕ್."

"ಹೌದೇನ್ರಿ? ಛೆ ಛೆ, ಇರಲಿ, ಇರಲಿ!" ಎಂದ ಸಂಗಣ್ಣ. ಜೀವಮಾನದಲ್ಲಿ ಮೊದಲ ಸಲ ಮಾದಾಪುರದ ಟ್ರಾಫಿಕ್ಕಿಗೆ ಮನಸ್ಸಿನಲ್ಲೇ ಕಾಯಿ ಒಡೆದ.

ಮುದುಕಪ್ಪ ಸರಿದ. ಕಿಟಕಿಯ ಹಿಂದಿನ ಹುಡುಗಿ ಲಕೋಟೆ ಹೊರಳಿಸಿ ನೋಡಿದಳು. "ಸ್ಪೀಡ್ ಪೋಸ್ಟಾ ಸಾರ್?"

"ಅದಕ್ಕಿಂತ ಜಲ್ದಿ ಹೋಗೂದು ಏನರ ಐತೇನಮ್ಮ?"

ಅವಳು ನಗದೆ ತೂಕ ಹಾಕಿ, ಪಟ್ಟಿ ಅಂಟಿಸಿ, ರಸೀದಿ ಹರಿದು ಕೊಟ್ಟಳು. ಸಂಗಣ್ಣ ಅಲ್ಲೇ ನಿಂತು ರಸೀದಿಯ ಫೋಟೋ ತೆಗೆದು ಆನಂದಕುಮಾರನಿಗೆ ಕಳಿಸಿದ. ಆದರೂ ಹೆಜ್ಜೆ ಕೀಳಲಿಲ್ಲ. ಲಕೋಟೆ ಇನ್ನೂ ಮೇಜಿನ ಮೇಲೆಯೇ ಇತ್ತು.

"ಇನ್ನೇನು ಸಾರ್?"

"ಅದನ್ನ ಚೀಲದಾಗ ಹಾಕಿಬಿಡವ್ವ, ನಾ ನೋಡಿ ಹೋಗ್ತೀನಿ."

ಹುಡುಗಿ ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದಳು. ಸಂಗಣ್ಣ ಕಿಟಕಿಯೊಳಗೆ ಕತ್ತು ತೂರಿಸಿ, ಅದು ತಳ ಮುಟ್ಟಿದ್ದು ಖಾತ್ರಿ ಮಾಡಿಕೊಂಡು, ಮತ್ತೆ ರಿಂಗಾಗುತ್ತಿದ್ದ ಫೋನನ್ನು ಎತ್ತಿ ಬಾಯಿ ತುಂಬ ಹೇಳಿದ: "ಬರ್ರಿ ಶರಣಕುಮಾರ್ರ, ನಿಧಾನ ಬರ್ರಿ. ಅವಸರ ಏನೈತಿ?"